ಕೆಳಗಿರುವವರೇ ಮೊದಲು: ಹಿಮದ ಇಳಿಜಾರಿಗೆ ಹೊರಟಿರುವ ದಾವಣಗೆರೆ, ದುರ್ಗದವರಿಗೆ

ಚಿತ್ರದುರ್ಗದ ಕೋಟೆಯಲ್ಲಿ ತುಪ್ಪದ ಕೊಳದ ಬಂಡೆ ಹತ್ತಿದ್ದೀರಾ? ಬಂಡೆಯ ಮೈಯಲ್ಲಿ ಕಾಲ್ಬೆರಳು ಊರುವಷ್ಟೇ ಗುಳಿ ಕಡಿದಿದ್ದಾರೆ. ಭಾನುವಾರ ಜನ ಜಾಸ್ತಿ ಇದ್ದಾಗ, ಇಳಿಯುವವರು ಹತ್ತುವವರನ್ನು ನೋಡಿಕೊಂಡೇ ಕಾಲಿಡುತ್ತಾರೆ. ತಾನು ಜಾರಿದರೆ ಕೆಳಗಿನ ನಾಲ್ಕು ಜನರನ್ನೂ ಕೆಡವಿಕೊಂಡು ಹೋಗುತ್ತೇನೆ ಅನ್ನುವುದು ಅಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಬಂಡೆ ನೋಡಿದರೇ ಗೊತ್ತಾಗುತ್ತದೆ.

ಹಿಮ ಹಾಗಲ್ಲ. ಮೆತ್ತಗೆ, ಬೆಳ್ಳಗೆ, ಹತ್ತಿ ಹಾಸಿದ ಹಾಗೆ ಕಾಣುತ್ತದೆ. ಹಾಗಾಗಿ ಭಯ ಹೋಗಿಬಿಡುತ್ತದೆ. ಭಯದ ಜೊತೆಗೆ ಪಕ್ಕದವರ ನೆನಪೂ ಹೋಗುತ್ತದೆ.

ಜನವರಿ, ಫೆಬ್ರವರಿ ಬಂದರೆ ನನ್ನ ಪರಿಚಯದವರಲ್ಲೇ ಯಾರಾದರೂ ಕಾಶ್ಮೀರದ ಗುಲ್ಮಾರ್ಗ್‌ಗೋ ಉತ್ತರಾಖಂಡದ ಔಲಿಗೋ ಮನಾಲಿ ಹತ್ತಿರದ ಸೋಲಂಗ್‌ಗೋ ಸ್ಕೀ ಆಡಲು, ಅಂದರೆ ಕಾಲಿಗೆ ಉದ್ದ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರಲು, ಹೊರಡುತ್ತಾರೆ. ಯಾವ ಜಾಕೆಟ್, ಎಷ್ಟು ಖರ್ಚು, ಊಟಕ್ಕೆ ಏನು ಸಿಗುತ್ತದೆ, ಎಲ್ಲ ಕೇಳುತ್ತಾರೆ. ಒಂದೇ ಇಳಿಜಾರಿನಲ್ಲಿ ನೂರಾರು ಜನ ಇರುವಾಗ ಹೇಗೆ ನಡೆದುಕೊಳ್ಳಬೇಕು ಅಂತ ಮಾತ್ರ ಯಾರೂ ಕೇಳುವುದಿಲ್ಲ. ನಾನೂ ಮೊದಲ ಸಲ ಕೇಳಿರಲಿಲ್ಲ. ಕೇಳದೆ ಹೋಗಿದ್ದರಿಂದ ಏನಾಯಿತು ಅನ್ನುವುದನ್ನು ಮುಂದೆ ಹೇಳುತ್ತೇನೆ.

ಊರಲ್ಲೇ ಮುಗಿಸಬೇಕಾದ ಕೆಲಸ

ಹೊರಡುವುದಕ್ಕೆ ಐದಾರು ವಾರ ಮುಂಚೆಯೇ ಕಾಲು ಗಟ್ಟಿ ಮಾಡಿಕೊಳ್ಳಿ. ಕುಂದವಾಡ ಕೆರೆ ಸುತ್ತ ವಾಕಿಂಗ್ ಒಳ್ಳೆಯದೇ, ಆದರೆ ಅದು ಸಮತಟ್ಟು ದಾರಿ. ಸ್ಕೀಗೆ ಬೇಕಾದ್ದು ತೊಡೆಯ ಬಲ. ಗರಡಿ ಮನೆಯ ಬಸ್ಕಿಗಿಂತ ಒಳ್ಳೆಯ ತಯಾರಿ ನನಗೆ ಗೊತ್ತಿಲ್ಲ. ಗೋಡೆಗೆ ಬೆನ್ನು ಕೊಟ್ಟು, ಕುರ್ಚಿಯಲ್ಲಿ ಕೂತ ಹಾಗೆ ಒಂದು ನಿಮಿಷ ನಿಲ್ಲುವುದನ್ನೂ ರೂಢಿಸಿಕೊಳ್ಳಿ. ವಾರಕ್ಕೊಮ್ಮೆ ಕೋಟೆ ಹತ್ತಿ ಇಳಿದರೆ ಇನ್ನೂ ಒಳ್ಳೆಯದು. ಇಳಿಯುವಾಗ ಮಂಡಿ ಕಲಿಯುವ ಪಾಠ ಹಿಮದಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಇದು ಬರೀ ನಿಮ್ಮ ಮೈಗೆ ಸಂಬಂಧಿಸಿದ ಮಾತಲ್ಲ. ದಣಿದ ಕಾಲು ಬೇಕಾದಾಗ ನಿಲ್ಲುವುದಿಲ್ಲ. ನಿಲ್ಲದ ಕಾಲು ಇನ್ನೊಬ್ಬರ ಮೇಲೆ ಹೋಗುತ್ತದೆ.

ಎತ್ತರದ ಲೆಕ್ಕವೂ ಇದೆ. ನಮ್ಮ ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್. ಗುಲ್ಮಾರ್ಗ್ ಸುಮಾರು 2650 ಮೀಟರ್. ಅಲ್ಲಿನ ಗೊಂಡೋಲಾದ, ಅಂದರೆ ಕೇಬಲ್ ಕಾರಿನ, ಎರಡನೇ ಹಂತ 3900 ಮೀಟರ್‌ಗಿಂತ ಮೇಲಕ್ಕೆ, ಅಫರ್ವಾಟ್ ಬೆಟ್ಟಕ್ಕೆ ಕರೆದೊಯ್ಯುತ್ತದೆ. ಹೋದ ದಿನವೇ ಓಡಾಡಬೇಡಿ. ಒಂದು ದಿನ ಸುಮ್ನೆ ನಡೆದಾಡಿ, ನೀರು ಜಾಸ್ತಿ ಕುಡಿಯಿರಿ. ತಲೆನೋವು, ವಾಕರಿಕೆ ಬಂದರೆ ಮೇಲಕ್ಕೆ ಹೋಗಬೇಡಿ.

ಇನ್ಶೂರೆನ್ಸ್ ಪತ್ರವನ್ನು ಪೂರ್ತಿ ಓದಿ. ಎಷ್ಟೋ ಪಾಲಿಸಿಗಳು ಸಾಹಸ ಕ್ರೀಡೆಯನ್ನು ಹೊರಗಿಟ್ಟಿರುತ್ತವೆ. ಸ್ಕೀ ಅಂತ ಸ್ಪಷ್ಟವಾಗಿ ಬರೆದಿದೆಯಾ ನೋಡಿ. ಇಲ್ಲದಿದ್ದರೆ ಕೇಳಿ ಸೇರಿಸಿಕೊಳ್ಳಿ.

ಕಲಿಯುವ ಕೋರ್ಸನ್ನೂ ಊರಿಂದಲೇ ಬುಕ್ ಮಾಡಿ. ಗುಲ್ಮಾರ್ಗ್‌ನಲ್ಲಿ ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸ್ಕೀಯಿಂಗ್ ಅಂಡ್ ಮೌಂಟೇನಿಯರಿಂಗ್ ಇದೆ. ಮನಾಲಿಯಲ್ಲಿ ಅಟಲ್ ಬಿಹಾರಿ ವಾಜಪೇಯಿ ಅವರ ಹೆಸರಿನ ಪರ್ವತಾರೋಹಣ ಸಂಸ್ಥೆ ಇದೆ. ಖಾಸಗಿ ಇನ್‌ಸ್ಟ್ರಕ್ಟರ್‌ಗಳೂ ಸಿಗುತ್ತಾರೆ. ಯಾರಾದರೂ ಸರಿ, ಮೊದಲ ಎರಡು ಮೂರು ದಿನ ಕಲಿಸುವವರಿಲ್ಲದೆ ಇಳಿಜಾರಿಗೆ ಕಾಲಿಡಬೇಡಿ. ಫ್ರೆಂಡ್ ಹೇಳಿಕೊಡ್ತಾನೆ ಅನ್ನುವುದು ಸಾಲದು.

ಸಾಮಾನು ಬಾಡಿಗೆಗೆ ತೆಗೆದುಕೊಳ್ಳುವಾಗ

ಹೆಲ್ಮೆಟ್ ಕೇಳಿ ತೆಗೆದುಕೊಳ್ಳಿ. ಕೊಡದಿದ್ದರೆ ಬೇರೆ ಅಂಗಡಿಗೆ ಹೋಗಿ.

ಸ್ಕೀ ಹಲಗೆಗೆ ಬೂಟನ್ನು ಹಿಡಿದಿಡುವ ಭಾಗಕ್ಕೆ ಬೈಂಡಿಂಗ್ ಅನ್ನುತ್ತಾರೆ. ಬಿದ್ದಾಗ ಅದು ತಾನೇ ಬಿಚ್ಚಿಕೊಳ್ಳಬೇಕು. ಇಲ್ಲದಿದ್ದರೆ ಹಲಗೆ ತಿರುಗಿದ ಕಡೆಗೆ ಮಂಡಿಯೂ ತಿರುಚಿಕೊಳ್ಳುತ್ತದೆ. ಎಷ್ಟು ಒತ್ತಡಕ್ಕೆ ಬಿಚ್ಚಿಕೊಳ್ಳಬೇಕು ಅನ್ನುವುದನ್ನು ನಿಮ್ಮ ತೂಕ, ಎತ್ತರ, ವಯಸ್ಸು, ಬೂಟಿನ ಅಳತೆ, ಎಷ್ಟು ಕಲಿತಿದ್ದೀರಿ ಅನ್ನುವುದರ ಮೇಲೆ ಹೊಂದಿಸುತ್ತಾರೆ. ಅದಕ್ಕೇ ತೂಕ ಕೇಳಿದಾಗ ನಿಜ ಹೇಳಿ, ‘ಸ್ವಲ್ಪ ಬರುತ್ತೆ’ ಅಂತ ದೊಡ್ಡಸ್ತಿಕೆಗೆ ಹೇಳಬೇಡಿ. ಸ್ನೋಬೋರ್ಡ್ ಅಂದರೆ ಎರಡೂ ಕಾಲಿಗೆ ಸೇರಿ ಒಂದೇ ಅಗಲ ಹಲಗೆ. ಅದರ ಬೈಂಡಿಂಗ್ ಹೀಗೆ ಬಿಚ್ಚಿಕೊಳ್ಳುವುದಿಲ್ಲ, ಎರಡೂ ಕಾಲು ಹಲಗೆಗೇ ಕಟ್ಟಿಕೊಂಡಿರುತ್ತವೆ.

ಇನ್ನೊಂದು ಚಿಕ್ಕ ವಿಷಯ, ಜನ ಗಮನಿಸುವುದೇ ಇಲ್ಲ. ಬೂಟು ಕಳಚಿದ ತಕ್ಷಣ ಸ್ಕೀಯ ಎರಡೂ ಬದಿಯಲ್ಲಿ ಎರಡು ಕಡ್ಡಿ ಕೆಳಗಿಳಿದು ಹಿಮಕ್ಕೆ ಕಚ್ಚಬೇಕು. ಅದೇ ಬ್ರೇಕ್. ಅಂಗಡಿಯಲ್ಲೇ ಒತ್ತಿ ನೋಡಿ. ಬ್ರೇಕ್ ಕೆಟ್ಟ ಹಲಗೆ ಕೈತಪ್ಪಿದರೆ ಬಾಣದ ಹಾಗೆ ಹೋಗುತ್ತದೆ. ಅದರ ತುದಿ ಕೆಳಗಿರುವವರ ಕಾಲಿಗೆ ಬಡಿಯಬಹುದು, ಕೂತ ಮಗುವಿಗಾದರೆ ಮುಖಕ್ಕೇ. ಸ್ನೋಬೋರ್ಡ್‌ಗೆ ಬ್ರೇಕ್ ಇಲ್ಲ. ಅದನ್ನು ಕಳಚಿಟ್ಟಾಗ ಬೈಂಡಿಂಗ್ ಕೆಳಮುಖವಾಗಿ ಹಿಮಕ್ಕೆ ಒತ್ತಿ ಮಗುಚಿ ಇಡಬೇಕು.

ಹೆಗಲ ಮೇಲೆ ಸ್ಕೀ ಹೊತ್ತಾಗ ಯಾರೋ ಕರೆದರು ಅಂತ ಗಕ್ಕನೆ ತಿರುಗಬೇಡಿ. ಸಂತೆಯಲ್ಲಿ ಏಣಿ ಹೊತ್ತವನು ತಿರುಗಿದರೆ ಏನಾಗುತ್ತದೋ ಅದೇ ಆಗುತ್ತದೆ.

ಇಳಿಯುವಾಗ: ಮುಂದಿರುವವರ ಹಕ್ಕು

ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ 1967ರಲ್ಲಿ ಹತ್ತು ನಿಯಮ ಮಾಡಿತು. ಅದನ್ನು ಎಫ್‌ಐಎಸ್ ನಿಯಮ ಅನ್ನುತ್ತಾರೆ. ಸ್ಕೀಯವರಿಗೂ ಸ್ನೋಬೋರ್ಡ್‌ನವರಿಗೂ ಒಂದೇ. ಯುರೋಪಿನಲ್ಲಿ ಹಿಮದ ಮೇಲಿನ ಡಿಕ್ಕಿ ಕೋರ್ಟಿಗೆ ಹೋದರೆ ತಪ್ಪು ಯಾರದು ಅಂತ ನೋಡುವಾಗ ಇವನ್ನೇ ಮುಂದಿಡುತ್ತಾರೆ. ಹತ್ತರಲ್ಲಿ ನನ್ನ ಪ್ರಕಾರ ತಾಯಿಬೇರಿನಂಥದ್ದು ಒಂದು: ಮೇಲಿನಿಂದ ಬರುವವರು ತಮ್ಮ ದಾರಿಯನ್ನು ಕೆಳಗಿರುವವರಿಗೆ ಅಪಾಯ ಆಗದ ಹಾಗೆ ಆರಿಸಿಕೊಳ್ಳಬೇಕು. ಕೆಳಗಿರುವವರು ಎಲ್ಲಿಗೆ ತಿರುಗಿದರೂ ಸರಿ, ಹೇಗೆ ಬಿದ್ದರೂ ಸರಿ, ಜಾಗ ಅವರದು.

ನಾನು ಇದನ್ನು ಕಲಿತದ್ದು ಮೂರನೇ ದಿನ. ಆವತ್ತು ತಿರುವು ಚೆನ್ನಾಗಿ ಬರುತ್ತಿತ್ತು. ಸಂಜೆ ನಾಲ್ಕರ ಹೊತ್ತು. ಮಧ್ಯಾಹ್ನ ಕರಗಿದ್ದ ಹಿಮ ನೆರಳು ಬಿದ್ದ ಕಡೆ ಮತ್ತೆ ಹೆಪ್ಪುಗಟ್ಟುತ್ತಿತ್ತು. ಸ್ಕೀಯ ಅಂಚಿನಿಂದ ಬರುತ್ತಿದ್ದ ಸದ್ದು ಬದಲಾಗಿತ್ತು. ಬೆಳಿಗ್ಗೆ ‘ಸರ್’ ಅನ್ನುತ್ತಿದ್ದದ್ದು ಈಗ ತಟ್ಟೆ ಮೇಲೆ ಚಮಚ ಎಳೆದ ಹಾಗೆ ‘ಕರ್’ ಅನ್ನುತ್ತಿತ್ತು. ಕೇಳಿಸಿತು, ಆದರೆ ಅರ್ಥ ಆಗಲಿಲ್ಲ. ಕೆಳಗೆ ಒಬ್ಬಳು ಹುಡುಗಿ, ಹತ್ತು ಹನ್ನೆರಡರ ಪ್ರಾಯ, ಹಲಗೆ ಎರಡನ್ನೂ ಮುಂದೆ ಕೂಡಿಸಿ ನಿಧಾನಕ್ಕೆ ಬಲಕ್ಕೆ ಹೋಗುತ್ತಿದ್ದಳು. ಎಡಗಡೆಯಿಂದ ದಾಟಿಬಿಡೋಣ ಅಂದುಕೊಂಡೆ. ನಾನು ಹತ್ತಿರ ಬರುವ ಹೊತ್ತಿಗೆ ಅವಳು ಎಡಕ್ಕೆ ತಿರುಗಿದಳು. ಅಂಚು ಒತ್ತಿದೆ, ಮಂಜುಗಡ್ಡೆ ಹಿಡಿಯಲೇ ಇಲ್ಲ. ನನ್ನ ಭುಜ ಅವಳ ಬೆನ್ನಿಗೆ ತಾಗಿತು. ಇಬ್ಬರೂ ಬಿದ್ದೆವು. ಅವಳ ಎರಡು ಕೈಯಲ್ಲಿದ್ದ ಸ್ಕೀ ಕೋಲುಗಳಲ್ಲಿ ಒಂದು ಹತ್ತು ಮಾರು ಕೆಳಗೆ ಹೋಗಿತ್ತು.

ಎದ್ದು ಕೂತು ಅವಳು ಮೊದಲು ಅಂದದ್ದು, ‘ಸಾರಿ ಅಂಕಲ್, ನೀವು ನಂಗೆ ಕಾಣ್ಲಿಲ್ಲ.’ ಹಿಂದಿಯಲ್ಲಿ ಹೇಳಿದಳು. ಅವಳ ಗಾಗಲ್ಸ್ ಒಳಗೆ ಹಿಮ ತುಂಬಿತ್ತು.

ಕಾಣುವುದಾದರೂ ಹೇಗೆ? ಅವಳ ಬೆನ್ನಿಗೆ ಕಣ್ಣಿಲ್ಲ. ಕಣ್ಣಿದ್ದದ್ದು ನನಗೆ. ಕ್ಷಮೆ ಕೇಳಬೇಕಾದವನು ನಾನು. ಅದೃಷ್ಟಕ್ಕೆ ಅವಳಿಗೆ ಪೆಟ್ಟಾಗಿರಲಿಲ್ಲ. ಆ ಮಾತು ಮಾತ್ರ ನನ್ನನ್ನು ಇನ್ನೂ ಬಿಟ್ಟಿಲ್ಲ.

ಹಾಗಾಗಿ ದಾಟುವಾಗ ಹೀಗೆ ಮಾಡಿ. ಮುಂದಿನವರ ಎರಡು ಮೂರು ತಿರುವು ಹಿಂದಿನಿಂದಲೇ ನೋಡಿ. ಎಷ್ಟು ಅಗಲ ತಿರುಗುತ್ತಾರೆ, ಯಾವ ಲಯದಲ್ಲಿ ತಿರುಗುತ್ತಾರೆ ಅನ್ನುವುದು ತಿಳಿಯುತ್ತದೆ. ಆ ಅಗಲಕ್ಕಿಂತ ಹೊರಗೆ, ಅವರು ಅಕಸ್ಮಾತ್ ಬಿದ್ದರೂ ತಾಗದಷ್ಟು ದೂರದಿಂದ ದಾಟಿ. ಅಷ್ಟು ಜಾಗ ಇಲ್ಲವಾ, ದಾಟಲೇಬೇಡಿ. ನಿಂತು ಹತ್ತು ಎಣಿಸಿ, ಅವರು ಮುಂದೆ ಹೋಗಲಿ. ಮಕ್ಕಳು, ಹೊಸಬರು ಇದ್ದ ಕಡೆ ಇದರ ಎರಡರಷ್ಟು ಜಾಗ ಬಿಡಿ.

ವೇಗದ ಲೆಕ್ಕ ತಲೆಯಲ್ಲಿಟ್ಟುಕೊಳ್ಳಿ. ಗಂಟೆಗೆ 30 ಕಿಲೋಮೀಟರ್ ಅಂದರೆ ನಮ್ಮ ಊರಲ್ಲಿ ಸ್ಕೂಟಿಯ ನಡಿಗೆ. ಆದರೆ ಅದು ಸೆಕೆಂಡಿಗೆ 8 ಮೀಟರ್‌ಗಿಂತ ಜಾಸ್ತಿ. ನೋಡಿ, ಯೋಚಿಸಿ, ಕಾಲು ತಿರುಗಿಸುವಷ್ಟರಲ್ಲಿ ಒಂದು ಲಾರಿಯ ಉದ್ದ ಮುಗಿದಿರುತ್ತದೆ. ಕಣ್ಣಿಗೆ ಕಾಣುವ ದೂರದೊಳಗೆ ಪೂರ್ತಿ ನಿಲ್ಲಲು ಆಗುವಷ್ಟೇ ವೇಗ ಇರಲಿ. ಮೋಡ ಮುಚ್ಚಿದ ದಿನ ನೆಲ, ಆಕಾಶ ಎರಡೂ ಒಂದೇ ಬಿಳಿ. ಏರು ತಗ್ಗು ಕಾಣುವುದೇ ಇಲ್ಲ. ಅಂಥ ದಿನ ಅರ್ಧ ವೇಗ ಸಾಕು.

ನಮ್ಮವರಿಗೆ ವಿಶೇಷವಾಗಿ ಒಂದು ಮಾತು ಹೇಳಬೇಕು. ಪಿ.ಬಿ. ರೋಡಿನಲ್ಲಿ ಗಾಡಿ ಓಡಿಸಿ ಬೆಳೆದವರಿಗೆ ಹಾರ್ನ್ ಹೊಡೆದರೆ ಮುಂದಿನವರು ಸರಿಯುತ್ತಾರೆ ಅನ್ನುವ ನಂಬಿಕೆ. ಅದೇ ನಂಬಿಕೆಯಲ್ಲಿ ಹಿಮದ ಮೇಲೂ ‘ಸೈಡ್, ಸೈಡ್’ ಅಂತ ಕೂಗುತ್ತಾ ಬರುತ್ತೇವೆ. ಹೊಸಬರು ಈ ಕೂಗಿಗೆ ಬೆದರಿ ಹಿಂದೆ ತಿರುಗಿ ನೋಡುತ್ತಾರೆ. ತಲೆ ತಿರುಗಿದ ಕಡೆ ಮೈ ತಿರುಗುತ್ತದೆ, ಮೈ ತಿರುಗಿದ ಕಡೆ ಹಲಗೆ. ‘ಎಡಗಡೆಯಿಂದ ಬರ್ತಿದೀನಿ’ ಅಂದರೆ ಎಡಕ್ಕೇ ಹೋಗುತ್ತಾರೆ. ನಿಯಂತ್ರಣ ತಪ್ಪಿದಾಗ ಕೂಗಲೇಬೇಕು, ಅದು ಎಚ್ಚರಿಕೆ. ದಾರಿ ಕೇಳುವುದಕ್ಕೆ ಕೂಗಬೇಡಿ.

ನಿಲ್ಲುವಾಗ, ಮತ್ತೆ ಹೊರಡುವಾಗ

ಒನಕೆ ಓಬವ್ವನ ಕಿಂಡಿಯೊಳಗೆ ನುಸುಳುವಾಗ ಮುಂದಿನವರು ಅಲ್ಲೇ ನಿಂತು ಸೆಲ್ಫಿ ತೆಗೆದರೆ ಹಿಂದಿದ್ದವರ ಗತಿ ನೆನೆಸಿಕೊಳ್ಳಿ. ಇಳಿಜಾರಿನಲ್ಲಿ ದಾರಿ ಕಿರಿದಾದ ಕಡೆ ನಿಂತರೆ ಅದೇ ಕಥೆ, ಆದರೆ ಹಿಂದಿನವರು ಜಾರುತ್ತಾ ಬರುತ್ತಿರುತ್ತಾರೆ.

ಇನ್ನೂ ಕೆಟ್ಟ ಜಾಗ ಯಾವುದೆಂದರೆ ದಿಬ್ಬದ ಕೆಳಗೆ. ಮೇಲಿನಿಂದ ಬರುವವರಿಗೆ ದಿಬ್ಬ ದಾಟುವವರೆಗೂ ನೀವು ಕಾಣುವುದಿಲ್ಲ. ಕಂಡಾಗ ಸಮಯ ಇರುವುದಿಲ್ಲ. ನಿಲ್ಲುವ ಮುಂಚೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಮೇಲಿರುವವರಿಗೆ ನಾನು ಇಲ್ಲಿ ಕಾಣುತ್ತೇನಾ? ಬದಿಯಲ್ಲಿ ನಿಲ್ಲಿ. ಗುಂಪಾಗಿ ಬಂದಿದ್ದರೆ ಅಡ್ಡಸಾಲಾಗಿ ನಿಲ್ಲಬೇಡಿ, ಒಬ್ಬರ ಕೆಳಗೆ ಒಬ್ಬರು ಅಂಚಿಗೆ ನಿಲ್ಲಿ. ಗೆಳೆಯರನ್ನು ಸೇರಿಕೊಳ್ಳುವಾಗ ಅವರ ಕೆಳಗೆ ಹೋಗಿ ನಿಲ್ಲಿ. ಮೇಲೆ ನಿಲ್ಲಲು ಹೋಗಿ ಜಾರಿದರೆ ಎಲ್ಲರ ಮೇಲೂ ಬೀಳುತ್ತೀರಿ.

ಬಿದ್ದರೆ ನಾಚಿಕೆ ಬೇಡ, ಎಲ್ಲರೂ ಬೀಳುತ್ತಾರೆ. ಪೆಟ್ಟಾಗಿಲ್ಲದಿದ್ದರೆ ಬೇಗ ಬದಿಗೆ ಸರಿಯಿರಿ. ಬಿದ್ದ ಜಾಗದಲ್ಲಿ ಆದ ಗುಂಡಿಯನ್ನು ಬೂಟಿನಿಂದ ತುಳಿದು ಮುಚ್ಚಿ ಹೋಗುವುದು ಹಳೆಯ ಒಳ್ಳೆಯ ರೂಢಿ. ರಾತ್ರಿ ಅದು ಹೆಪ್ಪುಗಟ್ಟಿದರೆ ನಾಳೆ ಇನ್ಯಾರದೋ ಹಲಗೆ ಅದರಲ್ಲಿ ಸಿಕ್ಕಿಕೊಳ್ಳುತ್ತದೆ.

ಮತ್ತೆ ಹೊರಡುವ ಮುಂಚೆ ಮೇಲೆ ನೋಡಿ, ಕೆಳಗೆ ನೋಡಿ, ಮತ್ತೊಮ್ಮೆ ಮೇಲೆ ನೋಡಿ. ಅಡ್ಡದಾರಿಯಿಂದ ದೊಡ್ಡ ಇಳಿಜಾರಿಗೆ ಸೇರುವಾಗಲೂ ಹೀಗೇ. ಕೆಳಗಿರುವವರಿಗೇ ಹಕ್ಕು ಅಂತ ಹೇಳಿದೆನಲ್ಲ, ಅದು ಚಲಿಸುತ್ತಿರುವವರ ಮಾತು. ನಿಂತು ಹೊರಡುವವರು, ಪಕ್ಕದಿಂದ ಸೇರುವವರು ಮಾತ್ರ ಮೇಲಿನಿಂದ ಬರುವವರನ್ನು ಮೊದಲು ಬಿಡಬೇಕು. ಎಷ್ಟೋ ಜಗಳ ಇಲ್ಲೇ ಹುಟ್ಟುತ್ತದೆ.

ಸ್ಕೀಯವರು ಬೋರ್ಡ್‌ನವರನ್ನು, ಬೋರ್ಡ್‌ನವರು ಸ್ಕೀಯವರನ್ನು

ಇವರಿಬ್ಬರ ನಡುವೆ ಒಂದು ಹಳೇ ಮುನಿಸಿದೆ. ಅರ್ಧ ಮುನಿಸು ಒಬ್ಬರ ಮೈ ಹೇಗೆ ನಿಂತಿದೆ ಅನ್ನುವುದು ಇನ್ನೊಬ್ಬರಿಗೆ ಗೊತ್ತಿಲ್ಲದೆ ಬಂದದ್ದು ಅಂತ ನನಗನಿಸುತ್ತದೆ.

ಸ್ಕೀಯವರ ಮುಖ ಕೆಳಕ್ಕೆ ಇರುತ್ತದೆ. ಎರಡೂ ಪಕ್ಕ ಸಮನಾಗಿ ಕಾಣುತ್ತದೆ. ಸ್ನೋಬೋರ್ಡ್‌ನವರು ಅಡ್ಡಡ್ಡ ನಿಂತಿರುತ್ತಾರೆ. ಎಡಗಾಲು ಮುಂದಿದ್ದರೆ ಅವರ ಎದೆ ಬಲಕ್ಕೆ, ಬೆನ್ನು ಎಡಕ್ಕೆ. ಹಿಮ್ಮಡಿ ಮೇಲೆ ಭಾರ ಹಾಕಿ ಎಡಕ್ಕೆ ತಿರುಗುವಾಗ ತಮ್ಮ ಬೆನ್ನ ಕಡೆಗೇ ಹೋಗುತ್ತಾರೆ. ಅಲ್ಲಿ ಅವರಿಗೆ ಏನೂ ಕಾಣುವುದಿಲ್ಲ. ಆದ್ದರಿಂದ ಸ್ಕೀಯವರು ಬೋರ್ಡ್‌ನವರನ್ನು ಎದೆಯ ಕಡೆಯಿಂದ ದಾಟುವುದು ಒಳ್ಳೆಯದು. ಬೆನ್ನ ಕಡೆ ಹತ್ತಿರ ಹೋಗಬೇಡಿ. ಬೋರ್ಡ್‌ನವರು ಹಿಮ್ಮಡಿ ತಿರುವಿಗೆ ಮುಂಚೆ ಒಮ್ಮೆ ಭುಜದ ಹಿಂದೆ ನೋಡಲೇಬೇಕು. ಬೈಕ್ ಬಲಕ್ಕೆ ತಿರುಗಿಸುವ ಮುಂಚೆ ತಲೆ ತಿರುಗಿಸಿ ನೋಡುತ್ತೀರಲ್ಲ, ಹಾಗೆ.

ಬೋರ್ಡ್‌ನವರು ಬೆಲ್ಟ್ ಬಿಗಿಯಲು ಇಳಿಜಾರಿನ ನಡುವೆ ಸಾಲಾಗಿ ಕೂರುವುದು ಬಿಡಬೇಕು. ಅಂಚಿಗೆ ಹೋಗಿ ಕೂರಲಿ. ಸ್ಕೀಯವರು ಒಂದು ಸಹಾಯ ಮಾಡಬಹುದು. ಸಮತಟ್ಟು ಜಾಗದಲ್ಲಿ ಬೋರ್ಡ್‌ಗೆ ತಳ್ಳಿಕೊಳ್ಳಲು ಕೋಲಿಲ್ಲ. ವೇಗ ಹೋದರೆ ಕಾಲು ಬಿಚ್ಚಿ ನಡೆಯಬೇಕು. ಅಂಥ ಕಡೆ ಅವರ ಮುಂದೆ ಅಡ್ಡ ನಿಲ್ಲಬೇಡಿ.

ಲಿಫ್ಟಿನ ಸಾಲಿನಲ್ಲಿ

ಮುಂದಿನವರ ಸ್ಕೀ ಮೇಲೆ ನಿಮ್ಮ ಸ್ಕೀ ಹತ್ತಿಸಬೇಡಿ. ಹಲಗೆಯ ಮೇಲ್ಮೈ ಗೀಚುತ್ತದೆ, ಮುಂದಿನವರು ಹೆಜ್ಜೆ ಎತ್ತಿದರೆ ಮುಗ್ಗರಿಸುತ್ತಾರೆ. ತಂತಿಗೆ ತೂಗುವ ಕುರ್ಚಿಯಲ್ಲಿ ಕೂರಿಸಿ ಮೇಲಕ್ಕೆ ಒಯ್ಯುವ ಚೇರ್‌ಲಿಫ್ಟ್ ಹತ್ತುವ ಮುಂಚೆ ಕೋಲಿನ ಪಟ್ಟಿ ಕೈಯಿಂದ ತೆಗೆದು ಎರಡನ್ನೂ ಒಂದೇ ಕೈಯಲ್ಲಿ ಹಿಡಿಯಿರಿ. ಬ್ಯಾಗು ಎದೆ ಮೇಲೆ ಇರಲಿ. ಕೂತ ಮೇಲೆ ಪಕ್ಕದವರಿಗೆ ಹೇಳಿ ಸರಳು ಇಳಿಸಿ. ಇಳಿದ ಕೂಡಲೇ ನೇರ ಮುಂದೆ ಹೋಗಿ, ಆಮೇಲೆ ಬದಿಗೆ. ಹಿಂದಿನ ಕುರ್ಚಿ ನಿಮಗೋಸ್ಕರ ಕಾಯುವುದಿಲ್ಲ. ಹಗ್ಗ ಹಿಡಿದು ಎಳೆಸಿಕೊಂಡು ಹೋಗುವ ಲಿಫ್ಟಿನಲ್ಲಿ ಬಿದ್ದರೆ ತಕ್ಷಣ ಕೈ ಬಿಟ್ಟು ಉರುಳಿ ದಾರಿಯಿಂದಾಚೆ ಬನ್ನಿ.

ನಡೆಯುವವರು, ಸ್ಲೆಡ್ಜ್ ಎಳೆಯುವವರು

ಗುಲ್ಮಾರ್ಗ್, ಸೋಲಂಗ್‌ನಲ್ಲಿ ಕಲಿಯುವವರ ಇಳಿಜಾರು ಬರೀ ಸ್ಕೀಯವರದಲ್ಲ. ಹಿಮ ನೋಡಲು ಬಂದ ಕುಟುಂಬಗಳು, ಟೀ ಮಾರುವವರು, ಮರದ ಸ್ಲೆಡ್ಜ್‌ನಲ್ಲಿ ಜನರನ್ನು ಕೂರಿಸಿ ಎಳೆಯುವವರು ಎಲ್ಲರೂ ಅಲ್ಲೇ. ಸ್ಲೆಡ್ಜ್ ಎಳೆಯುವ ಅಣ್ಣಂದಿರು ಹೊಟ್ಟೆಪಾಡಿಗೆ ನಿಂತವರು. ಅವರ ಮೇಲೆ ರೇಗಬೇಡಿ, ಅವರಿದ್ದ ಕಡೆ ನೀವೇ ನಿಧಾನ ಮಾಡಿ. ಸ್ಲೆಡ್ಜ್‌ನಲ್ಲಿ ಕೂತವರಿಗೆ ಅದನ್ನು ತಿರುಗಿಸಲು ಬರುವುದಿಲ್ಲ.

ನಿಮ್ಮ ಜೊತೆ ಸ್ಕೀ ಆಡದ ಅಪ್ಪ ಅಮ್ಮ, ಮಕ್ಕಳು ಬಂದಿದ್ದರೆ ಅವರಿಗೂ ಹೇಳಿಡಿ: ನಡೆಯುವುದಾದರೆ ಅಂಚಿನಲ್ಲೇ ನಡೆಯಬೇಕು. ನಡುವೆ ನಡೆದ ಹೆಜ್ಜೆಗುರುತೂ ರಾತ್ರಿ ಕಳೆದರೆ ಕಲ್ಲಿನಂಥ ಗುಂಡಿ.

ಹಗ್ಗ ಕಟ್ಟಿದ ಆಚೆ

ಇದನ್ನು ಚಿಕ್ಕದಾಗಿ ಹೇಳುತ್ತೇನೆ, ಏಕೆಂದರೆ ಹೊಸಬರಿಗೆ ಉತ್ತರ ಒಂದೇ: ಹೋಗಬೇಡಿ. ಗೊಂಡೋಲಾದ ಎರಡನೇ ಹಂತದಿಂದ ಕಾಣುವ ತಾಜಾ ಹಿಮ ಆಸೆ ಹುಟ್ಟಿಸುತ್ತದೆ. ಅದು ಹಿಮಕುಸಿತದ ನೆಲ. ಅಲ್ಲಿಗೆ ಹೋಗುವವರು ಸಿಗ್ನಲ್ ಕಳಿಸುವ ಬೀಕನ್, ಸಲಿಕೆ, ಹಿಮಕ್ಕೆ ಚುಚ್ಚಿ ಹುಡುಕುವ ಉದ್ದ ಕೋಲು ಮೂರನ್ನೂ ಹೊತ್ತು, ಬಳಸಲು ಕಲಿತು, ಸ್ಥಳೀಯ ಗೈಡ್ ಜೊತೆ ಹೋಗುತ್ತಾರೆ. ಹಿಮದಡಿ ಸಿಕ್ಕವರಿಗೆ ಮೊದಲ ಹತ್ತು ಹದಿನೈದು ನಿಮಿಷವೇ ಜೀವ. ಅಷ್ಟರಲ್ಲಿ ಊರಿನಿಂದ ಯಾರೂ ಬರಲಾರರು, ಜೊತೆಯಲ್ಲಿದ್ದವರೇ ಅಗೆಯಬೇಕು. ಇಷ್ಟೇ ಅಲ್ಲ, ಮೇಲೆ ನೀವು ಕತ್ತರಿಸಿದ ಹಿಮ ಕೆಳಗಿನ ಇಳಿಜಾರಿನಲ್ಲಿ ಇರುವವರ ಮೇಲೂ ಬೀಳಬಹುದು. ಇಳಿಜಾರು ಕಾಯುವ ಸ್ಕೀ ಪಟ್ರೋಲ್‌ನವರು ಮುಚ್ಚಿದೆ ಅಂದರೆ ಮುಚ್ಚಿದೆ.

ಡಿಕ್ಕಿಯಾದರೆ

‘ಇದೊಂದು ಕೊನೇ ರೌಂಡ್’ ಅನ್ನುವ ಮಾತನ್ನು ಬಿಡಿ. ಸಂಜೆ ಕಾಲು ನಡುಗಲು ಶುರುವಾದರೆ ಅಲ್ಲಿಗೆ ಮುಗಿಸಿ, ಬೇಕಾದರೆ ಲಿಫ್ಟಿನಲ್ಲೇ ಕೆಳಗಿಳಿಯಿರಿ. ಆದರೂ ಡಿಕ್ಕಿ ಆಗಬಹುದು. ಆಗ ಮಾಡಬೇಕಾದ್ದು ಹೀಗೆ.

ಮೊದಲು ನಿಲ್ಲಿ. ತಪ್ಪು ಯಾರದೇ ಆಗಿರಲಿ, ನೋಡಿದವರು ನೀವೊಬ್ಬರೇ ಆಗಿರಲಿ, ನಿಲ್ಲಲೇಬೇಕು. ಬಿದ್ದವರಿಂದ ಹತ್ತು ಹದಿನೈದು ಮೀಟರ್ ಮೇಲೆ ಎರಡು ಸ್ಕೀಗಳನ್ನು ಕತ್ತರಿ ಆಕಾರದಲ್ಲಿ ಹಿಮಕ್ಕೆ ನೆಡಿ. ಪೆಟ್ಟಾದವರಿದ್ದಾರೆ ಅನ್ನುವುದಕ್ಕೆ ಎಲ್ಲ ದೇಶದಲ್ಲೂ ಅದೇ ಗುರುತು. ದಿಬ್ಬ ಇದ್ದರೆ ಒಬ್ಬರು ಅದರ ಮೇಲೆ ನಿಂತು ಕೈ ಬೀಸಲಿ.

ಆಮೇಲೆ ಮಾತಾಡಿಸಿ. ಕುತ್ತಿಗೆ, ಬೆನ್ನು ನೋವು ಅಂದರೆ ಎಬ್ಬಿಸಬೇಡಿ, ಹೆಲ್ಮೆಟ್ ತೆಗೆಯಬೇಡಿ. ಕಾಲು ಮುರಿದ ಅನುಮಾನ ಇದ್ದರೆ ಬೂಟು ಕಳಚಬೇಡಿ, ಗಟ್ಟಿ ಬೂಟೇ ಕಟ್ಟಿನ ಹಾಗೆ ಹಿಡಿದಿರುತ್ತದೆ. ಮೇಲೆ ಜಾಕೆಟ್ ಹೊದಿಸಿದರೆ ಸಾಲದು, ಆಗುವುದಾದರೆ ಅಡಿಯಲ್ಲೂ ಏನಾದರೂ ತೂರಿಸಿ. ನೆಲದ ಹಿಮವೇ ಮೈಯ ಬಿಸಿಯನ್ನು ಹೀರುತ್ತದೆ. ಸ್ಕೀ ಪಟ್ರೋಲ್‌ಗೆ, ಹತ್ತಿರದ ಲಿಫ್ಟ್ ಸಿಬ್ಬಂದಿಗೆ ತಿಳಿಸಿ. ಫೋನ್ ಸಿಕ್ಕರೆ 112. ಯಾವ ಇಳಿಜಾರು, ಯಾವ ಕಂಬದ ಹತ್ತಿರ ಅನ್ನುವುದನ್ನು ಹೇಳಿ.

ತಲೆಗೆ ಪೆಟ್ಟಾದವರು ‘ನಾನು ಚೆನ್ನಾಗಿದೀನಿ’ ಅಂದರೂ ಆವತ್ತಿಗೆ ಸ್ಕೀ ಬೇಡ. ಒಬ್ಬರನ್ನೇ ರೂಮಿಗೆ ಕಳಿಸಬೇಡಿ.

ಕೊನೆಗೆ ಹೆಸರು, ಫೋನ್ ನಂಬರ್ ಬದಲಾಯಿಸಿಕೊಳ್ಳಿ. ಹತ್ತು ನಿಯಮಗಳಲ್ಲಿ ಕೊನೆಯದು ಇದೇ. ಡಿಕ್ಕಿಯಾದವರು ಮಾತ್ರ ಅಲ್ಲ, ನೋಡಿದವರೂ ಕೊಡಬೇಕು. ನೋವು ಎಷ್ಟೋ ಸಲ ರಾತ್ರಿ ಶುರುವಾಗುತ್ತದೆ, ಆಗ ವಿಚಾರಿಸುವುದಕ್ಕಾದರೂ ನಂಬರ್ ಬೇಕಲ್ವಾ? ಆವತ್ತು ಆ ಹುಡುಗಿಯ ಅಪ್ಪ ನನ್ನ ನಂಬರ್ ಕೇಳಿದಾಗ ಚಳಿಗೆ ಇಬ್ಬರ ಫೋನೂ ಆಫ್ ಆಗಿದ್ದವು. ಅವರ ಜೇಬಿನ ಬಾಲ್‌ಪೆನ್ ಬರೆಯಲಿಲ್ಲ. ಟೀ ಅಂಗಡಿಯವರು ಲೆಕ್ಕ ಬರೆಯುವ ಪೆನ್ಸಿಲ್ ಕೊಟ್ಟರು, ಬಿಸ್ಕತ್ ಪೊಟ್ಟಣದ ರಟ್ಟಿನ ಮೇಲೆ ಬರೆದುಕೊಟ್ಟೆ. ರಾತ್ರಿ ಎಂಟಕ್ಕೆ ಅವರೇ ಫೋನ್ ಮಾಡಿ ಮಗಳು ಊಟ ಮಾಡಿ ಮಲಗಿದಳು ಅಂದರು. ಅಂದಿನಿಂದ ನನ್ನ ಜಾಕೆಟ್ಟಿನ ಒಳಜೇಬಿನಲ್ಲಿ ಒಂದು ತುಂಡು ಪೆನ್ಸಿಲ್, ನಾಲ್ಕು ಚೀಟಿ ಇರುತ್ತವೆ. ನೀವೂ ಇಟ್ಟುಕೊಳ್ಳಿ.